ಕೆಲಸ ಬಿಟ್ಟ ಮೇಲೆ ಬರಬೇಕಾದ ಹಣ, ಕೈಗೆ ಸಿಗಬೇಕಾದ ಕಾಗದ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗಿವೆ: "ಎಚ್‌ಆರ್‌ನವರು ಹೀಗಂದರು." ಅವರು ಬಾಯಲ್ಲಿ ಹೇಳಿದ್ದೆಲ್ಲ ಕಾನೂನಲ್ಲ. ಅದನ್ನೇ ಬರೆದು ಕೊಡಿ ಎಂದು ಕೇಳಿದರೆ ಬಹಳ ಕಡೆ ಮಾತು ಬದಲಾಗುತ್ತದೆ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಗ್ರಾಚ್ಯುಟಿ (ಹಲವು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟು), ಹೆರಿಗೆ ಸೌಲಭ್ಯದ ಹಳೆಯ ಕಾಯ್ದೆಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಸಂಬಳಕ್ಕೆ ಸಂಬಂಧಿಸಿದವು ವೇತನ ಸಂಹಿತೆಯೊಳಗೆ ಬಂದಿವೆ. "ಹಳೇ ಕಾಯ್ದೆ ರದ್ದಾಯ್ತು, ನಿಮಗೇನೂ ಬರಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯ್ದೆಯ ಹೆಸರು ಬದಲಾಗಿದೆ, ಹಕ್ಕು ಉಳಿದಿದೆ.

ಪ್ರಶ್ನೆ: ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ 10 ವರ್ಷ 8 ತಿಂಗಳು ಟೈಲರ್ ಆಗಿದ್ದೆ. ಅಮ್ಮನಿಗೆ ಹುಷಾರಿಲ್ಲದೆ ದಿಢೀರನೆ ಕೆಲಸ ಬಿಡಬೇಕಾಯಿತು, ಒಂದು ತಿಂಗಳ ನೋಟಿಸ್ ಕೊಡಲು ಆಗಲಿಲ್ಲ. ನೋಟಿಸ್ ಇಲ್ಲದೆ ಹೋದವರಿಗೆ ಗ್ರಾಚ್ಯುಟಿ ಇಲ್ಲ ಎನ್ನುತ್ತಿದ್ದಾರೆ. ನಡುವೆ ಆರು ತಿಂಗಳು ಹೆರಿಗೆ ರಜೆ ತೆಗೆದುಕೊಂಡಿದ್ದೆ, ಅದರಿಂದ ಸರ್ವೀಸ್ ಬ್ರೇಕ್ ಆಗಿದೆ ಅಂತಲೂ ಹೇಳುತ್ತಾರೆ. ಏನು ಮಾಡಲಿ? (ಗಾರ್ಮೆಂಟ್ಸ್ ಕಾರ್ಮಿಕೆ, ರಾಮನಗರ)

ಉತ್ತರ: ಎರಡೂ ಮಾತು ತಪ್ಪು. ನಿಮಗೆ ಗ್ರಾಚ್ಯುಟಿ ಬರಲೇಬೇಕು.

ಗ್ರಾಚ್ಯುಟಿ ತಡೆಹಿಡಿಯಲು ಕಾನೂನು ಒಪ್ಪುವ ಕಾರಣಗಳು ಬೆರಳೆಣಿಕೆಯಷ್ಟು. ಬೇಕೆಂದೇ ಅಥವಾ ಅಜಾಗರೂಕತೆಯಿಂದ ಮಾಲೀಕರ ಆಸ್ತಿಗೆ ನಷ್ಟ ಮಾಡಿ ಆ ಕಾರಣಕ್ಕೆ ಕೆಲಸದಿಂದ ತೆಗೆದುಹಾಕಿದ್ದರೆ, ಆ ನಷ್ಟದಷ್ಟು ಮಾತ್ರ ಮುರಿದುಕೊಳ್ಳಬಹುದು. ಗಲಭೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ತೆಗೆದುಹಾಕಿದ್ದರೆ ಪೂರ್ತಿಯಾಗಿಯೋ ಭಾಗಶಃವೋ ತಡೆಯಬಹುದು. ನೋಟಿಸ್ ಕೊಡದೆ ಹೋಗುವುದು ಈ ಪಟ್ಟಿಯಲ್ಲಿ ಇಲ್ಲ. ನಿಮ್ಮ ನೇಮಕಾತಿ ಪತ್ರದಲ್ಲಿ ನೋಟಿಸ್ ಷರತ್ತು ಇದ್ದರೆ ಆ ಒಂದು ತಿಂಗಳ ಸಂಬಳದ ವಿಷಯ ಬೇರೆಯೇ ಲೆಕ್ಕ. ಅದಕ್ಕೂ ಗ್ರಾಚ್ಯುಟಿಗೂ ಗಂಟು ಹಾಕುವಂತಿಲ್ಲ. ಇನ್ನು ಹೆರಿಗೆ ರಜೆಯಿಂದ ಸೇವೆ ಮುರಿಯುವುದಿಲ್ಲ. ವರ್ಷದ ದಿನಗಳನ್ನು ಎಣಿಸುವಾಗ 26 ವಾರಗಳವರೆಗಿನ ಹೆರಿಗೆ ರಜೆಯನ್ನೂ ಕೆಲಸ ಮಾಡಿದ ದಿನಗಳೆಂದೇ ಎಣಿಸಬೇಕು.

ಲೆಕ್ಕ ಹೀಗೆ. ಕೊನೆಯ ತಿಂಗಳ ಸಂಬಳದ ಚೀಟಿ ಎದುರಿಗಿಟ್ಟುಕೊಳ್ಳಿ. ಮೂಲವೇತನ ಮತ್ತು ತುಟ್ಟಿಭತ್ಯೆ ಎರಡನ್ನೂ ಕೂಡಿಸಿ. ಓವರ್‌ಟೈಮ್, ಹಾಜರಾತಿ ಬೋನಸ್ ಸೇರಿಸಬೇಡಿ. ನಿಮ್ಮದು 13,000 ರೂಪಾಯಿ ಅಂದುಕೊಳ್ಳೋಣ. ಅದನ್ನು 26ರಿಂದ ಭಾಗಿಸಿದರೆ ಒಂದು ದಿನದ ಕೂಲಿ 500 ರೂಪಾಯಿ. ವರ್ಷಕ್ಕೆ 15 ದಿನದಂತೆ 7,500. ಕೊನೆಯ ತುಂಡು ವರ್ಷ ಆರು ತಿಂಗಳು ದಾಟಿದ್ದರೆ ಅದು ಪೂರ್ತಿ ವರ್ಷ, ಹಾಗಾಗಿ 10 ವರ್ಷ 8 ತಿಂಗಳು 11 ವರ್ಷವಾಗುತ್ತದೆ. 7,500ನ್ನು 11ರಿಂದ ಗುಣಿಸಿದರೆ 82,500 ರೂಪಾಯಿ. ತಿಂಗಳಿಗೆ 30 ದಿನ ಹಿಡಿದು ಭಾಗಿಸಿದ ಲೆಕ್ಕಪಟ್ಟಿ ಕೊಟ್ಟರೆ ಒಪ್ಪಬೇಡಿ. ಹಾಗೆ ಮಾಡಿದರೆ 71,500 ಬರುತ್ತದೆ, 11,000 ರೂಪಾಯಿ ಸದ್ದಿಲ್ಲದೆ ಕೈಬಿಡುತ್ತದೆ.

ಈಗ ಅರ್ಜಿ. ಒಂದೇ ಪುಟ ಸಾಕು: ಹೆಸರು, ಟೋಕನ್ ನಂಬರ್, ಸೇರಿದ ದಿನಾಂಕ, ಬಿಟ್ಟ ದಿನಾಂಕ, ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ, ಮೇಲಿನ ಲೆಕ್ಕ, ಬ್ಯಾಂಕ್ ಖಾತೆ ಸಂಖ್ಯೆ. ಕೊನೆಗೆ "30 ದಿನದೊಳಗೆ ಪಾವತಿಸಬೇಕಾಗಿ ಕೋರುತ್ತೇನೆ" ಎಂಬ ಸಾಲು. ಫ್ಯಾಕ್ಟರಿಯಲ್ಲೇ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ತಲುಪಿದ ಪುರಾವೆ ಸಿಗುವಂತೆ ಕಳಿಸಿ. ಅಂಚೆ ಕಚೇರಿ ರಸೀದಿಯನ್ನು ಅರ್ಜಿಯ ಪ್ರತಿಗೇ ಪಿನ್ ಮಾಡಿಡಿ. 30 ದಿನ ಕಳೆದರೂ ಹಣ ಬಾರದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿ ವಿಚಾರಣೆ ಮಾಡುವ ಅಧಿಕಾರಿಗೆ ಅರ್ಜಿ ಹಾಕಿ. ಆ ಅರ್ಜಿಯಲ್ಲಿ ತಡವಾದ ಅವಧಿಯ ಬಡ್ಡಿಯನ್ನೂ ಕೇಳಿ. ಹಳೆಯ ಕಾಯ್ದೆಯಡಿ ಅದು ವರ್ಷಕ್ಕೆ ಶೇ 10ರ ಸರಳ ಬಡ್ಡಿ. ವಕೀಲರು ಕಡ್ಡಾಯವಲ್ಲ. ಬೇಕೆನಿಸಿದರೆ ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.

"ಫುಲ್ ಆಂಡ್ ಫೈನಲ್" ಕಾಗದದ ಬಗ್ಗೆ ಎಚ್ಚರ. "ನನಗೆ ಬರಬೇಕಾದ ಹಣವೆಲ್ಲ ಬಂದಿದೆ" ಎಂದು ಮೊದಲೇ ಟೈಪ್ ಮಾಡಿಟ್ಟಿರುತ್ತಾರೆ. ಸಹಿ ಹಾಕದೆ ಕೊನೆಯ ಸಂಬಳವನ್ನೂ ಕೊಡುವುದಿಲ್ಲ ಎಂದರೆ, ಸಹಿಯ ಮೇಲ್ಗಡೆ ನಿಮ್ಮ ಕೈಬರಹದಲ್ಲಿ "ಗ್ರಾಚ್ಯುಟಿ ಬಾಕಿ ಇದೆ, ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ" ಎಂದು ಬರೆದು ಸಹಿ ಹಾಕಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಈಗಾಗಲೇ ಸಹಿ ಹಾಕಿದ್ದರೂ ಎದೆಗುಂದಬೇಡಿ. ಗ್ರಾಚ್ಯುಟಿ ಬೇಡವೆಂದು ಬರೆದುಕೊಟ್ಟ ಒಪ್ಪಂದ ಕಾನೂನಿನ ಎದುರು ನಿಲ್ಲುವುದಿಲ್ಲ. ಖಾಲಿ ಕಾಗದಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಬೇಡ.

ಇದೇ ವಿಷಯಕ್ಕೆ ಇನ್ನೊಬ್ಬರು, 4 ವರ್ಷ 9 ತಿಂಗಳಾಗಿದೆ, ಈಗ ಬಿಟ್ಟರೆ ಸಿಗುತ್ತದೆಯೇ ಎಂದು ಕೇಳಿದ್ದಾರೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ 1996ರಲ್ಲಿ ಹೇಳಿದೆ. ಅದೇ ತೀರ್ಪು ಎಲ್ಲ ಕಡೆ ನಡೆದೇಬಿಡುತ್ತದೆ ಎಂದು ನಂಬಿ ರಾಜೀನಾಮೆ ಕೊಡುವುದು ಜಾಣತನವಲ್ಲ. ಮೂರು ತಿಂಗಳು ತಡೆದುಕೊಂಡು ಐದು ವರ್ಷ ಪೂರೈಸಿ. ಐದು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ "ರಾಜೀನಾಮೆ ಕೊಟ್ಟು ಪಿಎಫ್ ತೆಗೆದುಕೋ, ಮುಂದಿನ ವಾರ ಹೊಸದಾಗಿ ಸೇರಿಸಿಕೊಳ್ಳುತ್ತೇವೆ" ಎಂದು ಸೂಪರ್‌ವೈಸರ್ ಹೇಳಿದರೆ ಒಪ್ಪಬೇಡಿ. ಮಕ್ಕಳ ಫೀಸು ಕಟ್ಟುವ ತಿಂಗಳಲ್ಲಿ ಆ ಪಿಎಫ್ ದುಡ್ಡು ಆಸೆ ಹುಟ್ಟಿಸುತ್ತದೆ ನಿಜ. ಆದರೆ ಹಾಗೆ ಮಾಡಿದರೆ ಹಿಂದಿನ ವರ್ಷಗಳ ಸೇವೆಯನ್ನು ನಿಮ್ಮ ಕೈಯಾರೆ ಅಳಿಸಿದಂತೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಐದು ವರ್ಷದ ಷರತ್ತು ಇಲ್ಲ. ಒಂದು ವರ್ಷ ಮುಗಿಸಿದರೂ ಅದಕ್ಕೆ ತಕ್ಕ ಗ್ರಾಚ್ಯುಟಿ ಉಂಟು.

ಪ್ರಶ್ನೆ: ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವಾಗ ಬೈಕ್ ಸ್ಕಿಡ್ ಆಗಿ ಕಾಲು ಮುರಿದಿದೆ. ಡಾಕ್ಟರು ಒಂದೂವರೆ ತಿಂಗಳು ವಿಶ್ರಾಂತಿ ಹೇಳಿದ್ದಾರೆ. ಇಎಸ್‌ಐ ಇದೆ. ಗೇಟಿನ ಹೊರಗೆ ಆದದ್ದಕ್ಕೆ ನಾವು ಜವಾಬ್ದಾರರಲ್ಲ, ಕಾಯಿಲೆ ರಜೆ ಹಾಕಿಕೊಳ್ಳಿ ಎಂದು ಕಂಪನಿಯವರು ಹೇಳಿದ್ದಾರೆ. (ಯಂತ್ರ ಚಾಲಕ, ಪೀಣ್ಯ)

ಉತ್ತರ: ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆಗುವ ಅಪಘಾತವನ್ನೂ ಕೆಲಸದ ಅಪಘಾತವೆಂದೇ ಪರಿಗಣಿಸಬೇಕೆಂದು ಇಎಸ್‌ಐ (ನೌಕರರ ರಾಜ್ಯ ವಿಮಾ) ಕಾಯ್ದೆಗೆ 2010ರಲ್ಲೇ ತಿದ್ದುಪಡಿಯಾಗಿದೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೆಯೇ ಇದೆ. ಅಪಘಾತದ ಸಮಯ, ಜಾಗ, ಸಂದರ್ಭಕ್ಕೂ ನಿಮ್ಮ ಕೆಲಸಕ್ಕೂ ಸಂಬಂಧ ಕಾಣಬೇಕು, ಅಷ್ಟೇ.

ಕಾಯಿಲೆ ರಜೆ ಎಂದು ಹಾಕಿಸಿಕೊಂಡರೆ ನಿಮಗೇ ನಷ್ಟ. ಕಾಯಿಲೆ ಭತ್ಯೆ ದಿನದ ಸರಾಸರಿ ವೇತನದ ಶೇ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಅಪಘಾತದ ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಶೇ 90, ದುಡಿಯಲಾಗದಷ್ಟು ಕಾಲವೂ ಸಿಗುತ್ತದೆ. ಸರಾಸರಿ ವೇತನ ದಿನಕ್ಕೆ 600 ರೂಪಾಯಿ ಇದ್ದರೆ 45 ದಿನಕ್ಕೆ ಮೊದಲನೆಯ ಲೆಕ್ಕದಲ್ಲಿ ಹೆಚ್ಚೆಂದರೆ 18,900, ಎರಡನೆಯದರಲ್ಲಿ 24,300. ಇದಕ್ಕಿಂತ ದೊಡ್ಡ ವ್ಯತ್ಯಾಸ ಮುಂದಿದೆ. ಮೂಳೆ ಸರಿಯಾಗಿ ಕೂಡದೆ ಕುಂಟು ಉಳಿದರೆ ವೈದ್ಯಕೀಯ ಮಂಡಳಿ ಅಂಗವೈಕಲ್ಯದ ಪ್ರಮಾಣ ನಿಗದಿ ಮಾಡಿ, ಅದಕ್ಕೆ ತಕ್ಕಂತೆ ಜೀವನಪೂರ್ತಿ ಭತ್ಯೆ ಕೊಡುವ ಅವಕಾಶವಿದೆ. ದಾಖಲೆಯಲ್ಲಿ ಕಾಯಿಲೆ ಎಂದಿದ್ದರೆ ಆ ಬಾಗಿಲು ಮುಚ್ಚಿದಂತೆ. ಜೊತೆಗೆ, ಕಾಯಿಲೆ ಭತ್ಯೆಗೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿದೆ. ಅಪಘಾತಕ್ಕೆ ಅದಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಆದರೂ ಹಕ್ಕಿದೆ.

ಕೇಸು ಕೆಡುವುದು ಬಹುತೇಕ ಮೊದಲ ರಾತ್ರಿಯ ಆಸ್ಪತ್ರೆ ಚೀಟಿಯಲ್ಲಿ. ಪೊಲೀಸ್ ತಂಟೆ ಬೇಡ ಎಂದು ಜೊತೆಗಿದ್ದವರು "ಮನೆಯಲ್ಲಿ ಜಾರಿಬಿದ್ದ" ಎಂದು ಬರೆಸಿಬಿಡುತ್ತಾರೆ. ನಿಮ್ಮ ಚೀಟಿಯಲ್ಲಿ ಏನಿದೆ ಎಂದು ಮೊದಲು ನೋಡಿ. ರಸ್ತೆ ಅಪಘಾತ ಎಂದಿದ್ದರೆ ಒಳ್ಳೆಯದಾಯಿತು. ಇಲ್ಲದಿದ್ದರೆ ಶಿಫ್ಟ್ ಹಾಜರಾತಿ, ಗೇಟ್ ಪಂಚಿಂಗ್ ಸಮಯ, ಎತ್ತಿಕೊಂಡು ಹೋದವರ ಹೇಳಿಕೆ ಇವನ್ನು ಕೂಡಲೇ ಒಟ್ಟು ಮಾಡಿ. ಅಪಘಾತ ವರದಿಯನ್ನು ಇಎಸ್‌ಐಗೆ ಕಳಿಸಬೇಕಾದದ್ದು ಮಾಲೀಕರು. ನೀವು ಲಿಖಿತವಾಗಿ ತಿಳಿಸಿದ್ದಕ್ಕೆ ಸಾಕ್ಷಿ ಇರಲಿ, ಇಮೇಲ್ ಆದರೂ ನಡೆಯುತ್ತದೆ. ಅವರು ಕಳಿಸದಿದ್ದರೆ ನಿಮ್ಮ ಇಎಸ್‌ಐ ಶಾಖಾ ಕಚೇರಿಯ ವ್ಯವಸ್ಥಾಪಕರಿಗೆ ನೇರವಾಗಿ ಬರೆದುಕೊಡಿ. ಇಎಸ್‌ಐ ಡಾಕ್ಟರಿಂದ ಪ್ರಮಾಣಪತ್ರವನ್ನು ಸಮಯಕ್ಕೆ ಸರಿಯಾಗಿ, ನಡುವೆ ದಿನ ಬಿಡದೆ ನವೀಕರಿಸಿಕೊಳ್ಳಿ. ಕೆಲಸದಿಂದ ನೇರ ಮನೆಗೆ ಬರದೆ ಬೇರೆ ಊರಿಗೋ ಸ್ನೇಹಿತರ ಮನೆಗೋ ತಿರುಗಿದ್ದರೆ ಮಾತ್ರ ಸಂಬಂಧ ಸಾಬೀತು ಮಾಡುವುದು ಕಷ್ಟ.

ಪ್ರಶ್ನೆ: ಕಾಲೇಜು ಮುಗಿದ ಕೂಡಲೇ ಸೇರಿದ ಸಾಫ್ಟ್‌ವೇರ್ ಕಂಪನಿಯವರು ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆ. ಎರಡು ವರ್ಷದ ಬಾಂಡ್ ಇದೆ, ಬಿಟ್ಟರೆ 2 ಲಕ್ಷ ಕಟ್ಟಬೇಕಂತೆ. ರಾಜೀನಾಮೆ ಕೊಟ್ಟಿದ್ದೇನೆ, ಕೊನೆಯ ತಿಂಗಳ ಸಂಬಳವನ್ನೂ ತಡೆದಿದ್ದಾರೆ. (ಎಂಜಿನಿಯರ್, ಮೈಸೂರು)

ಉತ್ತರ: ಇಲ್ಲಿ ಮೂರು ವಿಷಯ ಕಲಸಿಹೋಗಿವೆ, ಬೇರೆ ಬೇರೆ ಮಾಡಿಕೊಳ್ಳಿ.

ಅಂಕಪಟ್ಟಿ ನಿಮ್ಮ ಸ್ವತ್ತು. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಉದ್ಯೋಗದಾತರಿಗೆ ಇಲ್ಲ. ಯಾವ ಯಾವ ದಾಖಲೆ, ಯಾವ ದಿನ, ಯಾರ ಕೈಗೆ ಕೊಟ್ಟಿರಿ ಎಂದು ಪಟ್ಟಿ ಮಾಡಿ ಇಮೇಲ್ ಕಳಿಸಿ ವಾಪಸ್ ಕೇಳಿ. ಅವರು "ಬಾಂಡ್ ಹಣ ಕಟ್ಟಿದರೆ ಕೊಡುತ್ತೇವೆ" ಎಂದು ಉತ್ತರಿಸಿದರೂ ಸಾಕು, ದಾಖಲೆಗಳು ಅವರಲ್ಲಿವೆ ಎಂಬುದಕ್ಕೆ ಅದೇ ಪುರಾವೆ. ಆಮೇಲೆ ವಕೀಲರ ನೋಟಿಸ್. ಅದಕ್ಕೂ ಜಗ್ಗದಿದ್ದರೆ ನಂಬಿಕೆ ದ್ರೋಹದ ದೂರು ಕೊಡಬಹುದು. ಠಾಣೆಯಲ್ಲಿ ಇದು ಸಿವಿಲ್ ವ್ಯಾಜ್ಯ ಎನ್ನುವುದುಂಟು, ಆದರೂ ದೂರಿಗೆ ಸ್ವೀಕೃತಿ ಪಡೆಯದೆ ಬರಬೇಡಿ. ದಾಖಲೆಗಳನ್ನೇ ವಾಪಸ್ ಕೊಡಿಸಲು ಸಿವಿಲ್ ಕೋರ್ಟ್‌ನಲ್ಲಿ ದಾವೆಯೂ ಹೂಡಬಹುದು.

ಸಂಬಳ: ರಾಜೀನಾಮೆಯಾದರೂ ವಜಾ ಆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ ವೇತನ ಸಂಹಿತೆ. 45 ದಿನ ಬಿಟ್ಟು ಸೆಟಲ್‌ಮೆಂಟ್ ಎಂಬ ಕಂಪನಿ ಪದ್ಧತಿ ಇದರ ಮುಂದೆ ನಿಲ್ಲದು. ಹಿಂದಿನ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗಿನ ವೇತನದವರಿಗೆ ಮಾತ್ರ ಇತ್ತು. ಸಂಹಿತೆಗೆ ಆ ಮಿತಿ ಇಲ್ಲ, ಮ್ಯಾನೇಜರ್ ಹುದ್ದೆಯವರೂ ಒಳಗೆ ಬರುತ್ತಾರೆ. ಕ್ಲೇಮು ಹಾಕಲು ಮೂರು ವರ್ಷ ಕಾಲಾವಕಾಶವಿದೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ಹಿಂದಿರುಗಿಸಿದ್ದಕ್ಕೆ ರಸೀದಿ ಪಡೆದಿರಿ. ಇಲ್ಲದಿದ್ದರೆ ಅದನ್ನೇ ನೆಪ ಮಾಡುತ್ತಾರೆ.

ಬಾಂಡ್: "ಬಾಂಡ್‌ಗೆಲ್ಲ ಬೆಲೆಯೇ ಇಲ್ಲ" ಎಂದು ಸ್ನೇಹಿತರು ಧೈರ್ಯ ಹೇಳಿದ್ದರೆ ಅದು ಅರ್ಧ ಸತ್ಯ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷ ಮುಗಿಯುವ ಮೊದಲೇ ಬಿಟ್ಟ ಅಧಿಕಾರಿಯಿಂದ 2 ಲಕ್ಷ ವಸೂಲಿ ಮಾಡುವ ಷರತ್ತನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ವಿರುದ್ಧವಾಗಿ ಕೊಟ್ಟಿದ್ದ ತೀರ್ಪು ರದ್ದಾಯಿತು. ಸಾರ್ವಜನಿಕ ವಲಯದ ಬ್ಯಾಂಕು ಜಾಹೀರಾತು ಕೊಟ್ಟು, ದೊಡ್ಡ ಖರ್ಚಿನಲ್ಲಿ ನೇಮಕ ಮಾಡಿಕೊಳ್ಳಬೇಕು ಎಂಬುದು ಅಲ್ಲಿನ ಮುಖ್ಯ ವಾದವಾಗಿತ್ತು. ಖಾಸಗಿ ಕಂಪನಿ ಕೋರ್ಟಿಗೆ ಹೋದರೆ ಕರಾರು ಕಾಯ್ದೆಯ 74ನೇ ಸೆಕ್ಷನ್ ಎದುರಾಗುತ್ತದೆ. ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ನ್ಯಾಯಯುತ ಪರಿಹಾರ ಎಷ್ಟೋ ಅಷ್ಟನ್ನು ಕೋರ್ಟ್ ಕೊಡಿಸುತ್ತದೆ. ಆದ್ದರಿಂದ ನಿಜವಾಗಿ ಯಾವ ತರಬೇತಿ ಕೊಟ್ಟರು, ಎಷ್ಟು ದಿನ, ಹೊರಗಿನ ಕೋರ್ಸಿಗೆ ಹಣ ಕಟ್ಟಿದರೇ ಎಂಬುದನ್ನು ಬರೆದಿಟ್ಟುಕೊಳ್ಳಿ. ನಿಜವಾದ ತರಬೇತಿ ಸಿಕ್ಕಿದ್ದರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ಒಂದು ಮೊತ್ತಕ್ಕೆ ಮಾತಾಡಿ ಮುಗಿಸುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮ ಯಜಮಾನರು ಗುತ್ತಿಗೆದಾರರ ಮೂಲಕ ಸೆಕ್ಯುರಿಟಿ ಗಾರ್ಡ್ ಆಗಿದ್ದರು. ನಾಲ್ಕು ವರ್ಷ ಕೆಲಸ ಮಾಡಿ, ಕೆಲಸದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಪಿಎಫ್‌ನಲ್ಲಿರುವ ಸ್ವಲ್ಪ ಹಣ ಮಾತ್ರ ಬರುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಇಬ್ಬರು ಮಕ್ಕಳಿದ್ದಾರೆ. (ಗೃಹಿಣಿ, ಹುಬ್ಬಳ್ಳಿ)

ಉತ್ತರ: ಅಮ್ಮಾ, ಪಿಎಫ್ ಕಚೇರಿಯಿಂದ ನಿಮಗೆ ಬರಬೇಕಾದದ್ದು ಒಂದಲ್ಲ, ಮೂರು. ಮೊದಲನೆಯದು ಪಿಎಫ್ ಖಾತೆಯ ಹಣ. ಎರಡನೆಯದು ಪಿಂಚಣಿ. ಹತ್ತು ವರ್ಷ ಸೇವೆ ಬೇಕೆಂಬ ಷರತ್ತು ಸದಸ್ಯರ ಸ್ವಂತ ಪಿಂಚಣಿಗೆ. ಸದಸ್ಯರು ಸೇವೆಯಲ್ಲಿದ್ದಾಗ ತೀರಿಕೊಂಡರೆ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಪತ್ನಿಗೆ ಪಿಂಚಣಿ ಇದೆ, ತಿಂಗಳಿಗೆ ಕನಿಷ್ಠ 1,000 ರೂಪಾಯಿ. ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ತಲಾ ನಿಮ್ಮ ಪಿಂಚಣಿಯ ಶೇ 25ರಷ್ಟು ಪ್ರತ್ಯೇಕವಾಗಿ ಬರುತ್ತದೆ.

ಮೂರನೆಯದನ್ನೇ ಬಹಳ ಜನ ಕೈಬಿಡುತ್ತಾರೆ: ಇಡಿಎಲ್‌ಐ ಎಂಬ ವಿಮೆ. ಇದಕ್ಕೆ ನೌಕರರ ಸಂಬಳದಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ, ಹಾಗಾಗಿ ಸಂಬಳದ ಚೀಟಿಯಲ್ಲಿ ಅದರ ಹೆಸರೇ ಕಾಣುವುದಿಲ್ಲ. ಸಾಯುವ ಮುಂಚಿನ 12 ತಿಂಗಳು ಸತತ ಕೆಲಸದಲ್ಲಿದ್ದರೆ, ಆ ಅವಧಿಯ ಸರಾಸರಿ ತಿಂಗಳ ವೇತನದ 35 ಪಟ್ಟು, ಜೊತೆಗೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ. ವೇತನವನ್ನು 15,000ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕನಿಷ್ಠ ಎರಡೂವರೆ ಲಕ್ಷ, ಗರಿಷ್ಠ 7 ಲಕ್ಷ. ಅವರ ಪಿಎಫ್ ವೇತನ 13,000 ಇದ್ದಿದ್ದರೆ 35 ಪಟ್ಟು ಎಂದರೇ 4,55,000 ರೂಪಾಯಿ.

ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್. ಜೊತೆಗೆ ಮರಣ ಪ್ರಮಾಣಪತ್ರ, ನಿಮ್ಮ ಮತ್ತು ಮಕ್ಕಳ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಹೆಸರು ಮುದ್ರಿತವಾಗಿರುವ ಬ್ಯಾಂಕ್ ಪಾಸ್‌ಬುಕ್ ಬೇಕು. ನಾಮಿನಿ ಹೆಸರು ದಾಖಲಾಗದಿದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರಕ್ಕೆ ಇವತ್ತೇ ಅರ್ಜಿ ಹಾಕಿ, ಅದಕ್ಕೆ ದಿನ ಹಿಡಿಯುತ್ತದೆ. ಪಿಎಫ್ ದಾಖಲೆ, ಆಧಾರ್, ಮರಣ ಪ್ರಮಾಣಪತ್ರ ಮೂರರಲ್ಲೂ ಯಜಮಾನರ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇದೆಯೇ ನೋಡಿ. ಕ್ಲೇಮು ತಿರಸ್ಕಾರವಾಗುವುದು ಹೆಚ್ಚಾಗಿ ಇಲ್ಲೇ. ಗುತ್ತಿಗೆದಾರರು ಫಾರಂಗೆ ಸಹಿ ಹಾಕಲು ಸತಾಯಿಸಿದರೆ ಗೆಜೆಟೆಡ್ ಅಧಿಕಾರಿ ಅಥವಾ ನಿಮ್ಮ ಖಾತೆ ಇರುವ ಬ್ಯಾಂಕಿನ ಮ್ಯಾನೇಜರ್ ದೃಢೀಕರಣದೊಂದಿಗೆ ಪಿಎಫ್ ಕಚೇರಿಗೆ ನೀವೇ ಸಲ್ಲಿಸಬಹುದು. ಕೆಲವು ತಿಂಗಳ ವಂತಿಗೆ ಕಟ್ಟಿಲ್ಲ ಎಂದು ಗೊತ್ತಾದರೆ ಸುಮ್ಮನಾಗಬೇಡಿ. ಗುತ್ತಿಗೆ ಕಾರ್ಮಿಕರ ಪಿಎಫ್‌ಗೆ ಅವರನ್ನು ದುಡಿಸಿಕೊಂಡ ಮೂಲ ಸಂಸ್ಥೆಯೂ ಹೊಣೆ. ದೂರಿನಲ್ಲಿ ಎರಡೂ ಹೆಸರು ಬರೆಯಿರಿ. ಎಲ್ಲ ಸರಿಯಿರುವ ಅರ್ಜಿಯನ್ನು ಪಿಎಫ್ ಕಚೇರಿ 20 ದಿನದಲ್ಲಿ ಇತ್ಯರ್ಥ ಮಾಡಬೇಕು.

ಪ್ರಶ್ನೆ: ಏಳು ಜನ ಕೆಲಸ ಮಾಡುವ ಬಟ್ಟೆ ಅಂಗಡಿ. ಮಾಲೀಕರ ತಮ್ಮ ಮೈಮುಟ್ಟಿ ಮಾತಾಡಿಸುತ್ತಾನೆ. ದೂರು ಕೊಡಲು ಅಂಗಡಿಯಲ್ಲಿ ಯಾವ ಸಮಿತಿಯೂ ಇಲ್ಲ. (ಸೇಲ್ಸ್ ಕೆಲಸದವರು, ದಾವಣಗೆರೆ)

ಉತ್ತರ: ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಗೆ, ಅಥವಾ ಮಾಲೀಕರ ಮೇಲೇ ದೂರಿದ್ದಾಗ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡಬಹುದು. ದೂರಿನ ಆರು ಪ್ರತಿ ಬೇಕು. "ಕೆಟ್ಟದಾಗಿ ನಡೆದುಕೊಂಡ" ಎಂದಷ್ಟೇ ಬರೆಯದೆ ದಿನ, ಹೊತ್ತು, ಅಂಗಡಿಯ ಯಾವ ಭಾಗ, ಏನು ಮಾಡಿದ, ಆಗ ಯಾರಿದ್ದರು ಎಂದು ಒಂದೊಂದಾಗಿ ಬರೆಯಿರಿ. ಸಿಸಿಟಿವಿ ಇದ್ದರೆ ಅದನ್ನು ಉಳಿಸಿಡುವಂತೆ ದೂರಿನಲ್ಲೇ ಕೇಳಿ, ಹಳೆಯ ದೃಶ್ಯ ತಾನಾಗಿಯೇ ಅಳಿಸಿಹೋಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ಅವಧಿಗೆ ಮೂರು ತಿಂಗಳವರೆಗೆ ರಜೆ ಕೊಡಿಸಲು ಸಮಿತಿ ಶಿಫಾರಸು ಮಾಡಬಹುದು. ದುಡ್ಡು ಕೊಟ್ಟು ರಾಜಿ ಮಾಡಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ. ಇದು ಅಪರಾಧವೂ ಹೌದು. ಸಮಿತಿಗೆ ದೂರು ಕೊಟ್ಟರೂ ಪೊಲೀಸರಿಗೆ ದೂರು ಕೊಡುವ ಹಕ್ಕು ಉಳಿದೇ ಇರುತ್ತದೆ.

ಪ್ರಶ್ನೆ: ಹೋಟೆಲಿನಲ್ಲಿ ಮೂರು ವರ್ಷದಿಂದ ಅಡುಗೆ ಕೆಲಸ. ನೇಮಕಾತಿ ಪತ್ರ, ಸಂಬಳದ ಚೀಟಿ ಯಾವುದೂ ಇಲ್ಲ. ನಾಳೆಯಿಂದ ಬರಬೇಡ ಎಂದರೆ ಏನು ದಾರಿ? (ಅಡುಗೆಯವರು, ಬೆಂಗಳೂರು)

ಉತ್ತರ: ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಆರೋಪವಾದರೆ ವಿಚಾರಣೆ ನಡೆಸಿ ಸಾಬೀತು ಮಾಡಬೇಕು. ನೇಮಕಾತಿ ಆದೇಶ ಕೊಡುವುದೂ ಅದೇ ಕಾಯ್ದೆಯಡಿ ಮಾಲೀಕರ ಕರ್ತವ್ಯ. ಪತ್ರ ಇಲ್ಲವೆಂದರೆ ತಪ್ಪು ಅವರದು, ನಿಮ್ಮ ಹಕ್ಕು ಹೋಗುವುದಿಲ್ಲ.

ಕಷ್ಟ ಇರುವುದು ಮೂರು ವರ್ಷ ಕೆಲಸ ಮಾಡಿದ್ದನ್ನು ತೋರಿಸುವುದರಲ್ಲಿ. ಆ ಕೆಲಸ ಇವತ್ತಿಂದಲೇ ಶುರುಮಾಡಿ. ಸಂಬಳ ಯುಪಿಐನಲ್ಲಿ ಬರುತ್ತಿದ್ದರೆ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಪಡೆದು ಪ್ರತಿ ತಿಂಗಳ ಆ ಸಾಲಿಗೆ ಗುರುತು ಹಾಕಿ. ನಗದಾಗಿ ಕೊಡುತ್ತಿದ್ದರೆ "ಈ ತಿಂಗಳ ಸಂಬಳ ಇಷ್ಟು ಸಿಕ್ಕಿತು ಸಾರ್" ಎಂದು ಮಾಲೀಕರಿಗೆ ಪ್ರತಿ ಬಾರಿ ವಾಟ್ಸ್‌ಆ್ಯಪ್ ಹಾಕಿ. "ಸರಿ" ಎಂಬ ಒಂದು ಉತ್ತರ ಬಂದರೂ ಅದು ದಾಖಲೆ. ಕೆಲಸದ ಗ್ರೂಪಿನಲ್ಲಿ ಬರುವ ಶಿಫ್ಟ್ ಪಟ್ಟಿ, ಮಾಲು ತರಲು ಹೇಳಿದ ಸಂದೇಶ, ಅಡುಗೆಮನೆಯಲ್ಲಿ ತೆಗೆದ ದಿನಾಂಕವಿರುವ ಫೋಟೊ ಅಳಿಸಬೇಡಿ. ಗ್ರೂಪಿನಿಂದ ತೆಗೆದುಹಾಕುವ ಮೊದಲೇ ಚಾಟ್ ಅನ್ನು ಇಮೇಲ್‌ಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ತೆಗೆದುಹಾಕಿದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಇವುಗಳ ಪ್ರತಿಯೊಂದಿಗೆ ಹೋಗಿ. ಮೂಲ ಕಾಗದಗಳನ್ನು ಅಲ್ಲಿಯೂ ಕೊಡಬೇಡಿ.